ಐದು ಬುರುಡೆಗಳ ಲೆಕ್ಕ: ‘ಪಾಸ್ಟ್’ ತಂತ್ರಾಂಶದ ವಿಮರ್ಶೆ

‘ಪಾಸ್ಟ್’ ಎಂಬ ಉಚಿತ ಸಂಖ್ಯಾಶಾಸ್ತ್ರೀಯ ತಂತ್ರಾಂಶವನ್ನು ನಾನು ಕೆಲವು ವರ್ಷಗಳಿಂದ ಒಂದೇ ಬಗೆಯ ಕೆಲಸಕ್ಕೆ ಬಳಸುತ್ತ ಬಂದಿದ್ದೇನೆ. ಮನುಷ್ಯನ ಪೂರ್ವಜರ ಪಳೆಯುಳಿಕೆಗಳ ಅಳತೆಗಳನ್ನು ಪ್ರಕಟಿತ ಕೋಷ್ಟಕಗಳಿಂದ ತೆಗೆದುಕೊಂಡು, ಆ ನಾಲ್ಕೋ ಐದೋ ಹತ್ತೋ ಸಂಖ್ಯೆಗಳನ್ನು ನೆಚ್ಚಿಕೊಂಡು ಎಷ್ಟು ಹೇಳಬಹುದು, ಯಾವ ಮಾತನ್ನು ನುಂಗಿಕೊಳ್ಳಬೇಕು ಎಂದು ನೋಡುವುದೇ ಆ ಕೆಲಸ. ಆದ್ದರಿಂದ ಈ ವಿಮರ್ಶೆಯೂ ಅಷ್ಟಕ್ಕೇ ಸೀಮಿತವಾಗಿದೆ. ತಂತ್ರಾಂಶದಲ್ಲಿ ಜೀವವೈವಿಧ್ಯದ ಸೂಚ್ಯಂಕಗಳು, ಕಾಲಸರಣಿಯ ವಿಶ್ಲೇಷಣೆ, ಶಿಲಾಪದರಗಳ ಹೊಂದಾಣಿಕೆ ಮೊದಲಾದ ಹಲವಾರು ವಿಭಾಗಗಳಿದ್ದರೂ ಅವುಗಳನ್ನು ನಾನು ಮುಟ್ಟಿಲ್ಲ. ಮುಟ್ಟದೆ ಇರುವುದರ ಬಗ್ಗೆ ಬರೆಯುವುದು ಸರಿಯಲ್ಲ.

ಇದನ್ನು ರೂಪಿಸಿದವರು ಓಸ್ಲೋ ವಿಶ್ವವಿದ್ಯಾಲಯದ ನಿಸರ್ಗ ಚರಿತ್ರೆಯ ವಸ್ತುಸಂಗ್ರಹಾಲಯದ ಓಯ್‌ವಿಂಡ್ ಹಾಮರ್. ಡೇವಿಡ್ ಹಾರ್ಪರ್ ಮತ್ತು ಪಾಲ್ ರಯಾನ್ ಅವರೊಂದಿಗೆ 2001ರಲ್ಲಿ ಅವರು ಪ್ರಕಟಿಸಿದ ಪ್ರಬಂಧದ ಮೂಲಕ ಇದು ಪಳೆಯುಳಿಕೆಗಳ ಅಧ್ಯಯನದಲ್ಲಿ ಎಲ್ಲೆಡೆ ಹರಡಿತು. ‘ಪ್ಯಾಲ್‌ಸ್ಟ್ಯಾಟ್’ ಎಂಬ ಹಳೆಯ ತಂತ್ರಾಂಶವೇ ಇದರ ಪೂರ್ವರೂಪ. ನಾನು ಹೆಚ್ಚಾಗಿ ಬಳಸಿರುವುದು ನಾಲ್ಕನೆಯ ಸರಣಿಯ ಆವೃತ್ತಿಗಳನ್ನು. ವಿಂಡೋಸ್‌ನಲ್ಲಿ ಇದನ್ನು ಅಳವಡಿಸುವ ಗೋಜೇ ಇಲ್ಲ. ಇಳಿಸಿಕೊಂಡ ಕಡತದ ಮೇಲೆ ಒತ್ತಿದರೆ ಲೆಕ್ಕದ ಹಾಳೆ ತೆರೆದುಕೊಳ್ಳುತ್ತದೆ. ಮ್ಯಾಕ್‌ಗೂ ಆವೃತ್ತಿ ಇದೆ. ಕೈಪಿಡಿಯೂ ಉಚಿತವೇ, ಪ್ರತಿಯೊಂದು ಪರೀಕ್ಷೆಯ ಹಿಂದಿರುವ ಸೂತ್ರವನ್ನು ಅದು ಚಿಕ್ಕದಾಗಿ, ಆದರೆ ಮರೆಮಾಚದೆ ಕೊಡುತ್ತದೆ. ಈ ಕೊನೆಯ ಸಂಗತಿ ಸಣ್ಣದೆಂದು ತೋರಬಹುದು. ಆದರೆ ಐದು ಸಂಖ್ಯೆಗಳ ಮಾದರಿಯಲ್ಲಿ ಭಾಜಕ ಐದೋ ನಾಲ್ಕೋ ಎಂಬುದರಿಂದಲೇ ಉತ್ತರ ಬದಲಾಗುವುದರಿಂದ, ಸೂತ್ರ ಕಾಣದ ತಂತ್ರಾಂಶ ನಮ್ಮ ಕೆಲಸಕ್ಕೆ ಒದಗುವುದಿಲ್ಲ.

ಒಂದು ಉದಾಹರಣೆಯನ್ನು ಕೊನೆಯವರೆಗೂ ಹಿಡಿದು ನಡೆಯುವುದು ಒಳ್ಳೆಯದು. ಜಾರ್ಜಿಯಾ ದೇಶದ ದ್ಮನಿಸಿಯಲ್ಲಿ ಸುಮಾರು 17.7 ಲಕ್ಷ ವರ್ಷಗಳಷ್ಟು ಹಳೆಯ ಐದು ತಲೆಬುರುಡೆಗಳು ದೊರೆತಿವೆ. ಒಂದೇ ಜಾಗ, ಭೂವಿಜ್ಞಾನದ ಲೆಕ್ಕದಲ್ಲಿ ಹೆಚ್ಚುಕಡಿಮೆ ಒಂದೇ ಕಾಲ. ಈ ಕ್ಷೇತ್ರದಲ್ಲಿ ಇದಕ್ಕಿಂತ ಒಳ್ಳೆಯ ಮಾದರಿ ಅಪರೂಪ. ಪ್ರಕಟಿತ ಅಂದಾಜುಗಳಂತೆ ಅವುಗಳ ಮಿದುಳಿನ ಗಾತ್ರ ಕ್ರಮವಾಗಿ 730, 650, 601, 641 ಮತ್ತು 546 ಘನ ಸೆಂಟಿಮೀಟರ್. 2013ರಲ್ಲಿ ಐದನೆಯ ಬುರುಡೆಯ ಪೂರ್ಣ ವಿವರ ಪ್ರಕಟವಾದಾಗ, ಚಿಕ್ಕ ಮಿದುಳು, ಮುಂಚಾಚಿದ ಮುಖ, ದೊಡ್ಡ ದವಡೆಗಳೆಲ್ಲ ಒಂದೇ ತಲೆಯಲ್ಲಿ ಸೇರಿರುವುದು ಕಂಡಿತು. ಐದರ ನಡುವಿನ ವ್ಯತ್ಯಾಸ ಒಂದೇ ಪ್ರಭೇದದೊಳಗೆ ಹಿಡಿಸುವಷ್ಟೇ ಇದೆ ಎಂದು ಸಂಶೋಧಕರು ವಾದಿಸಿದರೆ, ಅದನ್ನು ಒಪ್ಪದವರೂ ಇದ್ದರು. ಇದಕ್ಕೊಂದು ಹಿನ್ನೆಲೆಯಿದೆ. ಈ ತಲೆಗೆ ಸೇರಿದ ಕೆಳದವಡೆ 2000ದಲ್ಲೇ ಸಿಕ್ಕಿತ್ತು. ಉಳಿದವಕ್ಕೆ ಹೊಂದದಷ್ಟು ದೊಡ್ಡದಾಗಿ ಕಂಡದ್ದರಿಂದ 2002ರಲ್ಲಿ ಅದಕ್ಕೆ ‘ಹೋಮೊ ಜಾರ್ಜಿಕಸ್’ ಎಂಬ ಬೇರೆ ಹೆಸರನ್ನೇ ಕೊಡಲಾಯಿತು. ಅದರ ಬುರುಡೆ ಸಿಕ್ಕಿದ್ದು 2005ರಲ್ಲಿ. ಅಷ್ಟು ದೊಡ್ಡ ದವಡೆಯ ಮೇಲೆ ಕೂತಿದ್ದದ್ದು ಐದರಲ್ಲೇ ಅತಿ ಚಿಕ್ಕ ಮಿದುಳಿನ ತಲೆ.

ಈ ಐದು ಸಂಖ್ಯೆಗಳನ್ನು ಪಾಸ್ಟ್‌ನ ಒಂದು ಕಾಲಮಿನಲ್ಲಿ ಬರೆದು ಸಾರಾಂಶದ ಮೆನು ಒತ್ತಿದರೆ ಸರಾಸರಿ 633.6, ಮಾನಕ ವಿಚಲನೆ (ಸಂಖ್ಯೆಗಳು ಸರಾಸರಿಯ ಸುತ್ತ ಎಷ್ಟು ಚದುರಿವೆ ಎಂಬುದರ ಅಳತೆ) 67.7, ವಿಚಲನಾ ಗುಣಾಂಕ, ಅಂದರೆ ಸರಾಸರಿಗೆ ಹೋಲಿಸಿದಾಗ ಮಾನಕ ವಿಚಲನೆಯ ಪ್ರಮಾಣ, ಶೇಕಡಾ 10.7 ಎಂದು ಬರುತ್ತದೆ. ಪಳೆಯುಳಿಕೆಗಳ ಗುಂಪೊಂದರಲ್ಲಿ ಒಂದು ಪ್ರಭೇದವಿದೆಯೋ ಎರಡಿವೆಯೋ ಎಂದು ಕೇಳುವವರು ಮೊದಲು ನೋಡುವುದು ಈ ವಿಚಲನಾ ಗುಣಾಂಕವನ್ನೇ. ಇಂದಿನ ಮನುಷ್ಯರಲ್ಲಿ ಗಂಡು-ಹೆಣ್ಣು ಇಬ್ಬರನ್ನೂ ಸೇರಿಸಿ ಲೆಕ್ಕ ಹಾಕಿದರೆ ಮಿದುಳಿನ ಗಾತ್ರದ ಗುಣಾಂಕ ಶೇಕಡಾ ಹತ್ತರ ಆಸುಪಾಸಿನಲ್ಲಿರುತ್ತದೆ, ಹಾಗಾಗಿ 10.7 ನೋಡಿದ ಕೂಡಲೇ ‘ಸರಿ, ಒಂದೇ ಪ್ರಭೇದ’ ಎಂದು ಹೇಳುವ ಆಸೆಯಾಗುತ್ತದೆ. ಪಾಸ್ಟ್ ಇಲ್ಲಿ ಎರಡು ವಿಷಯಗಳಲ್ಲಿ ಮೌನವಾಗಿದೆ. ಮೊದಲನೆಯದು ಚಿಕ್ಕ ಸಂಗತಿ: ಸಣ್ಣ ಮಾದರಿಯಲ್ಲಿ ಈ ಗುಣಾಂಕ ನಿಜಕ್ಕಿಂತ ತುಸು ಕಡಿಮೆ ಬರುವುದರಿಂದ, ಮಾದರಿಯ ಸಂಖ್ಯೆಯ ನಾಲ್ಕು ಪಟ್ಟಿನಿಂದ ಒಂದನ್ನು ಭಾಗಿಸಿ, ಅಷ್ಟು ಪಾಲನ್ನು ಕೂಡಿಸಿಕೊಳ್ಳುವ ರೂಢಿ ಇದೆ. ಅದನ್ನು ಕೈಯಲ್ಲೇ ಮಾಡಿಕೊಂಡರೆ 10.7 ಎಂಬುದು 11.2 ಆಗುತ್ತದೆ. ಎರಡನೆಯದು ದೊಡ್ಡದು. ಗಂಟೆಯಾಕಾರದ ಸಾಮಾನ್ಯ ವಿತರಣೆಯನ್ನು ನಂಬಿ ಲೆಕ್ಕ ಹಾಕಿದರೆ, ಐದು ಸಂಖ್ಯೆಗಳಿಂದ ಪಡೆದ 67.7ರ ಮಾನಕ ವಿಚಲನೆಯ ಶೇಕಡಾ 95ರ ವಿಶ್ವಾಸದ ವ್ಯಾಪ್ತಿ (ನಿಜವಾದ ಬೆಲೆ ಇರಬಹುದಾದ ಹರವು) 41ರಿಂದ 195ರವರೆಗೆ ಚಾಚಿಕೊಳ್ಳುತ್ತದೆ. ಗುಣಾಂಕಕ್ಕೆ ಪರಿವರ್ತಿಸಿದರೆ ಹೆಚ್ಚುಕಡಿಮೆ ಶೇಕಡಾ 6ರಿಂದ 31. ಇದರೊಳಗೆ ಮನುಷ್ಯನೂ ಹಿಡಿಸುತ್ತಾನೆ, ಗಂಡು-ಹೆಣ್ಣುಗಳ ನಡುವೆ ಅಗಾಧ ಅಂತರವಿರುವ ವಾನರವೂ ಹಿಡಿಸುತ್ತದೆ, ಎರಡು ಪ್ರಭೇದಗಳ ಬೆರಕೆಯೂ ಹಿಡಿಸುತ್ತದೆ. ‘ವ್ಯತ್ಯಾಸ ಮನುಷ್ಯರಷ್ಟೇ ಇದೆ’ ಎಂಬ ವಾಕ್ಯಕ್ಕೂ ‘ಮನುಷ್ಯರಿಗಿಂತ ಹೆಚ್ಚಿದೆ ಎಂದು ತೋರಿಸಲು ಆಗಲಿಲ್ಲ’ ಎಂಬ ವಾಕ್ಯಕ್ಕೂ ಇರುವ ಅಂತರ ಇದೇ. ಎರಡು ಗುಂಪುಗಳ ವಿಚಲನಾ ಗುಣಾಂಕಗಳನ್ನು ಹೋಲಿಸುವ ಫ್ಲಿಗ್ನರ್–ಕಿಲೀನ್ ಪರೀಕ್ಷೆ ಪಾಸ್ಟ್‌ನಲ್ಲಿದೆ, ಅದು ಬೇರೆ ಕಡೆ ಸುಲಭವಾಗಿ ಸಿಗುವಂಥದ್ದಲ್ಲ ಎಂಬುದನ್ನೂ ಹೇಳಬೇಕು. ಆದರೆ ಒಂದು ಕಡೆ ಐದೇ ಬುರುಡೆಗಳಿದ್ದಾಗ ‘ವ್ಯತ್ಯಾಸ ಕಂಡುಬಂದಿಲ್ಲ’ ಎಂಬ ಉತ್ತರವೇ ಬಹುತೇಕ ಬರುತ್ತದೆ. ಅದನ್ನು ‘ವ್ಯತ್ಯಾಸವಿಲ್ಲ’ ಎಂದು ಓದಿಕೊಂಡರೆ ತಪ್ಪು ಓದಿದವರದು.

ಪಾಸ್ಟ್‌ನಲ್ಲಿ ನನಗೆ ಅತಿ ಹೆಚ್ಚು ಉಪಯೋಗವಾದ ಸವಲತ್ತು ಒಂದು ಮೂಲೆಯಲ್ಲಿದೆ. ಒಂದು ಮಾದರಿಯ ಪರೀಕ್ಷೆಗಳ ಮೆನುವಿನಲ್ಲಿ ‘ಸಿಂಗಲ್ ಕೇಸ್’ ಎಂಬ ಪುಟವಿದೆ. ಒಂದು ಗುಂಪಿನ ಅಳತೆಗಳನ್ನೂ ಹೊಸದಾಗಿ ಸಿಕ್ಕ ಒಂದೇ ಒಂದು ನಮೂನೆಯ ಅಳತೆಯನ್ನೂ ಕೊಟ್ಟರೆ, ಆ ಒಂಟಿ ನಮೂನೆ ಅದೇ ಗುಂಪಿನಿಂದ ಬಂದಿರಬಹುದೇ ಎಂದು ಅದು ಪರೀಕ್ಷಿಸುತ್ತದೆ. ಹೊಸದಾಗಿ ದೊರೆತ ಹೋಮಿನಿನ್ (ಮನುಷ್ಯನ ವಂಶಶಾಖೆಯ ಜೀವಿ) ಒಂದು ಈಗಾಗಲೇ ಗೊತ್ತಿರುವ ಪ್ರಭೇದಕ್ಕೆ ಸೇರಬಹುದೇ ಎಂಬ ಪ್ರಶ್ನೆಯನ್ನು ಕೈಪಿಡಿಯೇ ಉದಾಹರಣೆಯಾಗಿ ಎತ್ತಿಕೊಂಡಿರುವುದನ್ನು ನೋಡಿದಾಗ, ಇದನ್ನು ಬರೆದವರಿಗೆ ನಮ್ಮ ಕಷ್ಟ ಗೊತ್ತಿದೆ ಎನಿಸಿತು. ಸೂತ್ರದ ಜೀವಾಳ ಸರಳ. ಒಂಟಿ ನಮೂನೆಗೂ ಗುಂಪಿನ ಸರಾಸರಿಗೂ ಇರುವ ಅಂತರವನ್ನು ಬರೀ ಮಾನಕ ವಿಚಲನೆಯಿಂದ ಭಾಗಿಸದೆ, ಗುಂಪಿನ ಸರಾಸರಿಯೂ ಒಂದು ಅಂದಾಜೇ ಎಂಬುದನ್ನು ನೆನಪಿಟ್ಟು ಭಾಜಕವನ್ನು ಸ್ವಲ್ಪ ಹಿಗ್ಗಿಸುತ್ತಾರೆ. ಬಳಿಕ ಬಂದ ಬೆಲೆಯನ್ನು ಸಾಮಾನ್ಯ ವಿತರಣೆಯ ಬದಲು ಸಣ್ಣ ಮಾದರಿಗಳಿಗೆ ಹೊಂದುವ ಟಿ-ವಿತರಣೆಯ ಎದುರಿಗಿಟ್ಟು ನೋಡುತ್ತಾರೆ.

ದ್ಮನಿಸಿಯ ನಾಲ್ಕು ಬುರುಡೆಗಳನ್ನು ಗುಂಪಾಗಿ, ಐದನೆಯದನ್ನು ಒಂಟಿ ನಮೂನೆಯಾಗಿ ಇಟ್ಟು ನೋಡೋಣ. ನಾಲ್ಕರ ಸರಾಸರಿ 655.5, ಮಾನಕ ವಿಚಲನೆ 54. ಅವಸರದಲ್ಲಿ ಮಾಡುವ ಕೈಲೆಕ್ಕದಂತೆ 546ಕ್ಕೂ 655.5ಕ್ಕೂ ಇರುವ ಅಂತರವನ್ನು ನೇರವಾಗಿ 54ರಿಂದ ಭಾಗಿಸಿದರೆ 2.03 ಬರುತ್ತದೆ, ಸಾಮಾನ್ಯ ವಿತರಣೆಯ ಕೋಷ್ಟಕದಲ್ಲಿ ಅದರ ಪಿ-ಬೆಲೆ (ಒಂದೇ ಗುಂಪಿನದಾಗಿದ್ದರೂ ಇಷ್ಟು ಅಂತರ ಆಕಸ್ಮಿಕವಾಗಿ ಬರುವ ಸಂಭವ) 0.043, ರೂಢಿಯ ಗಡಿಯಾದ 0.05ಕ್ಕಿಂತ ಕಡಿಮೆ. ಐದನೆಯ ಬುರುಡೆ ಉಳಿದ ನಾಲ್ಕರ ಬಳಗಕ್ಕೆ ಸೇರಿದ್ದಲ್ಲ ಎಂದು ಬರೆದುಬಿಡಲು ಇಷ್ಟು ಸಾಕು. ಅದನ್ನೇ ‘ಸಿಂಗಲ್ ಕೇಸ್’ ಪರೀಕ್ಷೆಯಲ್ಲಿ ಹಾಕಿದರೆ ಟಿ-ಬೆಲೆ 1.81ಕ್ಕೆ ಇಳಿಯುತ್ತದೆ, ಸ್ವಾತಂತ್ರ್ಯದ ಅಂಶಗಳು (ಗುಂಪಿನ ಸಂಖ್ಯೆಗಿಂತ ಒಂದು ಕಡಿಮೆ) ಮೂರೇ ಆದ್ದರಿಂದ ಪಿ-ಬೆಲೆ 0.17ಕ್ಕೆ ಏರುತ್ತದೆ. ಸಂಖ್ಯೆಗಳು ಅವೇ, ಎಲುಬುಗಳೂ ಅವೇ. ಗುಂಪಿನಲ್ಲಿ ನಾಲ್ಕೇ ಇವೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡದ್ದರಿಂದ ಒಂದು ಪ್ರಭೇದವೇ ಮಾಯವಾಯಿತು. ಇನ್ನೂ ಒಂದು ಸಂಗತಿಯನ್ನು ಇಲ್ಲಿ ಸೇರಿಸಬೇಕು. ಮೊದಲ ಬುರುಡೆಯ ಗಾತ್ರವನ್ನು ಈಗ 730 ಎನ್ನುತ್ತಾರಾದರೂ ಆರಂಭದ ವರದಿಯಲ್ಲಿ ಅದು 775 ಇತ್ತು. ಹಳೆಯ ಸಂಖ್ಯೆಯನ್ನೇ ಹಾಕಿ ನೋಡಿದರೆ ಆ ಅವಸರದ ಕೈಲೆಕ್ಕದಲ್ಲೂ ಪಿ-ಬೆಲೆ 0.11ಕ್ಕೆ ಹೋಗುತ್ತದೆ, ಸರಿಯಾದ ಪರೀಕ್ಷೆಯಲ್ಲಿ 0.25ಕ್ಕೆ. ಅಂದರೆ ಒಂದು ಬುರುಡೆಯ ಒಳಗಾತ್ರವನ್ನು ಯಾರು, ಯಾವ ವಿಧಾನದಲ್ಲಿ ಅಳೆದರು ಎಂಬುದೇ ನಮ್ಮ ‘ಗಣನೀಯ ವ್ಯತ್ಯಾಸ’ವನ್ನು ಹುಟ್ಟಿಸಬಲ್ಲದು, ಅಳಿಸಲೂಬಲ್ಲದು. ನೂರು ನಮೂನೆಗಳಿರುವಲ್ಲಿ ಅಂಥ ಒಂದು ತಿದ್ದುಪಡಿ ಕಣ್ಣಿಗೂ ಬೀಳುತ್ತಿರಲಿಲ್ಲ.

ಬೂಟ್‌ಸ್ಟ್ರಾಪ್ ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಬೇರೆ. ಇರುವ ಮಾದರಿಯಿಂದಲೇ ಮತ್ತೆ ಮತ್ತೆ ಎತ್ತಿ ಹೊಸ ಮಾದರಿಗಳನ್ನು ಕಟ್ಟಿ, ಅವು ಎಷ್ಟು ಅಲುಗಾಡುತ್ತವೆ ಎಂದು ನೋಡುವ ಈ ವಿಧಾನ ಪಾಸ್ಟ್‌ನಲ್ಲಿ ಬಹಳ ಸುಲಭ. ಒಂದು ಚೌಕದಲ್ಲಿ ಗುರುತು ಹಾಕಿದರೆ ಸಾಕು, 9999 ಸಲ ಎತ್ತಿ ಲೆಕ್ಕ ಹಾಕಿ ಪ್ರತಿಯೊಂದು ಸಾರಾಂಶಕ್ಕೂ ಮೇಲಿನ ಮತ್ತು ಕೆಳಗಿನ ಮಿತಿಯನ್ನು ಕೊಡುತ್ತದೆ. ತೊಂದರೆ ಇರುವುದು ಈ 9999 ಎಂಬ ಸಂಖ್ಯೆಯ ಗಾಂಭೀರ್ಯದಲ್ಲಿ. ಐದು ಸಂಖ್ಯೆಗಳಿಂದ ಹೀಗೆ ಎತ್ತಬಹುದಾದ ಬೇರೆಬೇರೆ ಮಾದರಿಗಳು ಒಟ್ಟು 126 ಮಾತ್ರ. ಉಳಿದದ್ದೆಲ್ಲ ಅವುಗಳ ಪುನರಾವರ್ತನೆ. ಆ 126ರಲ್ಲಿ ಯಾವುದರಲ್ಲೂ 546ಕ್ಕಿಂತ ಚಿಕ್ಕ ತಲೆ ಇರುವುದಿಲ್ಲ, 730ಕ್ಕಿಂತ ದೊಡ್ಡದೂ ಇರುವುದಿಲ್ಲ. ಮಣ್ಣಿನಡಿ ಇನ್ನೂ ಸಿಗದೆ ಉಳಿದಿರುವ ತಲೆಗಳ ಸುಳಿವು ಅದಕ್ಕೆ ಸಿಗುವ ದಾರಿಯೇ ಇಲ್ಲ. ಪರಿಣಾಮ ಕಣ್ಣೆದುರಿಗಿದೆ. ದ್ಮನಿಸಿಯ ಸರಾಸರಿಗೆ ಟಿ-ವಿತರಣೆಯಿಂದ ಸಿಗುವ ಶೇಕಡಾ 95ರ ವ್ಯಾಪ್ತಿ 549ರಿಂದ 718. ಬೂಟ್‌ಸ್ಟ್ರಾಪ್‌ನಿಂದ ಸಿಗುವುದು ಸುಮಾರು 580ರಿಂದ 685. ಕಿರಿದಾದ ವ್ಯಾಪ್ತಿ ನೋಡಲು ಚೆಂದ, ಪ್ರಬಂಧದಲ್ಲಿ ಹಾಕಿಕೊಳ್ಳಲೂ ಚೆಂದ. ಆದರೆ ಐದು ನಮೂನೆಗಳಿಗೆ ಆ ಕಿರಿದುತನದ ಹಕ್ಕಿಲ್ಲ. ಹತ್ತು ಹದಿನೈದಕ್ಕಿಂತ ಕಡಿಮೆ ನಮೂನೆಗಳಿರುವಾಗ ಆ ಚೌಕವನ್ನು ಮುಟ್ಟಬೇಡಿ ಎಂಬುದು ನನ್ನ ಸಲಹೆ. ಬೂಟ್‌ಸ್ಟ್ರಾಪ್ ನಿಜವಾಗಿ ಉಪಯೋಗಕ್ಕೆ ಬರುವುದು ತಿರುವುಮುರುವಾಗಿ ಬಳಸಿದಾಗ: ಇಂದಿನ ಗೊರಿಲ್ಲಾ, ಚಿಂಪಾಂಜಿ, ಮನುಷ್ಯರ ದೊಡ್ಡ ಸಂಗ್ರಹದಿಂದ ಐದೈದನ್ನು ಸಾವಿರಾರು ಸಲ ಎತ್ತಿ, ಪಳೆಯುಳಿಕೆಗಳಲ್ಲಿ ಕಂಡಷ್ಟು ವ್ಯತ್ಯಾಸ ಎಷ್ಟು ಸಲ ಬರುತ್ತದೆ ಎಂದು ಎಣಿಸಬೇಕು. ಕೀನ್ಯಾದ ಕೂಬಿ ಫೋರಾದಲ್ಲಿ 1972ರಲ್ಲಿ ಸಿಕ್ಕ 1470 ಸಂಖ್ಯೆಯ ಬುರುಡೆ ಸುಮಾರು 750 ಘನ ಸೆಂಟಿಮೀಟರಿನದು, ಮರುವರ್ಷ ಸಿಕ್ಕ 1813 ಸಂಖ್ಯೆಯದು ಸುಮಾರು 510ರದು. ಇವೆರಡೂ ಒಂದೇ ಪ್ರಭೇದದ ಗಂಡು-ಹೆಣ್ಣೋ, ಎರಡು ಪ್ರಭೇದಗಳೋ ಎಂಬ ದೀರ್ಘ ಚರ್ಚೆಯಲ್ಲಿ ಬಳಕೆಯಾದದ್ದು ಇಂಥ ಲೆಕ್ಕಗಳೇ. ಇದಕ್ಕೆ ಮೆನುವಿನಲ್ಲಿ ಸಿದ್ಧ ದಾರಿ ನನಗೆ ಕಾಣಲಿಲ್ಲ. ‘ಆರ್’ ಎಂಬ ಸಂಖ್ಯಾಶಾಸ್ತ್ರೀಯ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಹತ್ತು ಹನ್ನೆರಡು ಸಾಲು ಬರೆದು ಮಾಡಿಕೊಂಡೆ.

ಎರಡು ಸಣ್ಣ ಗುಂಪುಗಳನ್ನು ಹೋಲಿಸುವಲ್ಲಿ ಪಾಸ್ಟ್ ಮತ್ತೆ ಮೆಚ್ಚುಗೆಗೆ ಪಾತ್ರವಾಗುತ್ತದೆ. ಎರಡು ಸರಾಸರಿಗಳನ್ನು ಹೋಲಿಸುವ ಟಿ-ಪರೀಕ್ಷೆಯ ಫಲಿತಾಂಶದ ಪುಟದಲ್ಲೇ, ನಮೂನೆಗಳನ್ನು ಗುಂಪುಗಳ ನಡುವೆ ಅದಲುಬದಲು ಮಾಡಿ ಪಡೆದ ಪರ್ಮ್ಯುಟೇಶನ್ ಪಿ-ಬೆಲೆಯನ್ನೂ, ಮಾದರಿ ಚಿಕ್ಕದಿದ್ದರೆ ಎಲ್ಲ ಜೋಡಣೆಗಳನ್ನೂ ಎಣಿಸಿ ಪಡೆದ ನಿಖರ ಬೆಲೆಯನ್ನೂ ಅದು ಕೊಡುತ್ತದೆ. ಅಳತೆಗಳ ಬದಲು ಅವುಗಳ ಕ್ರಮಾಂಕಗಳನ್ನು ಹೋಲಿಸುವ ಮ್ಯಾನ್–ವಿಟ್ನಿ ಪರೀಕ್ಷೆಗೂ ಹಾಗೆಯೇ. ಈ ನಿಖರ ಬೆಲೆಯನ್ನು ಓದುವ ಮೊದಲು ಒಂದು ಚಿಕ್ಕ ಗುಣಾಕಾರ ಮಾಡಿಕೊಳ್ಳುವುದು ಒಳ್ಳೆಯದು. ಮೂರು ಮೂರು ದವಡೆಗಳ ಎರಡು ಗುಂಪುಗಳಿದ್ದರೆ ಆರು ದವಡೆಗಳನ್ನು ಎರಡು ಪಾಲು ಮಾಡುವ ಬಗೆಗಳು ಇಪ್ಪತ್ತೇ. ಒಂದು ಗುಂಪಿನ ಮೂರೂ ಇನ್ನೊಂದರ ಮೂರಕ್ಕಿಂತ ದೊಡ್ಡವಾಗಿದ್ದರೂ, ಎರಡೂ ದಿಕ್ಕನ್ನು ಪರಿಗಣಿಸಿದ ಪಿ-ಬೆಲೆ 0.1ಕ್ಕಿಂತ ಕೆಳಗೆ ಇಳಿಯಲಾರದು. ನಾಲ್ಕು ನಾಲ್ಕಿದ್ದರೆ ಬಗೆಗಳು ಎಪ್ಪತ್ತು, ಕನಿಷ್ಠ ಬೆಲೆ 0.029. ಆದ್ದರಿಂದ ಮೂರು-ಮೂರರ ಹೋಲಿಕೆಯಲ್ಲಿ ‘ಗಣನೀಯ ವ್ಯತ್ಯಾಸ ಕಂಡುಬರಲಿಲ್ಲ’ ಎಂದು ಬರೆಯುವುದು ಏನನ್ನೂ ಬರೆಯದಿರುವುದಕ್ಕೆ ಸಮ. ಕಂಡುಬರುವ ಅವಕಾಶವೇ ಅಲ್ಲಿರಲಿಲ್ಲ. ಪರೀಕ್ಷೆಗೆ ಮೊದಲು ಮಾದರಿ ಗಂಟೆಯಾಕಾರದಲ್ಲಿದೆಯೇ ಎಂದು ಶಪೀರೊ–ವಿಲ್ಕ್ ಒತ್ತಿ ನೋಡುವ ಅಭ್ಯಾಸಕ್ಕೂ ಇದೇ ಮಾತು ಅನ್ವಯಿಸುತ್ತದೆ. ಐದು ಸಂಖ್ಯೆಗಳು ಆ ಪರೀಕ್ಷೆಯಲ್ಲಿ ಪಾಸಾಗುವುದು ದೊಡ್ಡ ಸಂಗತಿಯಲ್ಲ.

ಹಲವು ಅಳತೆಗಳನ್ನು ಒಟ್ಟಿಗೆ ಹಾಕಿ ಚಿತ್ರ ಬರೆಸುವ ವಿಭಾಗ ಈ ತಂತ್ರಾಂಶದ ಆಕರ್ಷಣೆಯೂ ಹೌದು, ಎಚ್ಚರ ತಪ್ಪಿದರೆ ಜಾರುವ ಜಾಗವೂ ಹೌದು. ಹಲವು ಅಳತೆಗಳನ್ನು ಕೆಲವೇ ಅಕ್ಷಗಳಿಗೆ ಇಳಿಸುವ ಪ್ರಧಾನ ಘಟಕಗಳ ವಿಶ್ಲೇಷಣೆ ಎರಡು ಕ್ಲಿಕ್ಕಿನಲ್ಲಿ ಮುಗಿಯುತ್ತದೆ, ಗುಂಪುಗಳಿಗೆ ಬಣ್ಣ ಬರುತ್ತದೆ, ಸುತ್ತ ಶೇಕಡಾ 95ರ ದೀರ್ಘವೃತ್ತ ಬೇಕೆಂದರೆ ಅದೂ ಬರುತ್ತದೆ. ಮೂರು ಚುಕ್ಕೆಗಳ ಸುತ್ತ ಎಳೆದ ದೀರ್ಘವೃತ್ತಕ್ಕೂ ಮುನ್ನೂರು ಚುಕ್ಕೆಗಳ ಸುತ್ತ ಎಳೆದದ್ದಕ್ಕೂ ಗೆರೆಯ ದಪ್ಪದಲ್ಲಿ ವ್ಯತ್ಯಾಸವಿರುವುದಿಲ್ಲ. ಗುಂಪುಗಳನ್ನು ಬೇರ್ಪಡಿಸುವುದೇ ಗುರಿಯಾಗಿರುವ ಕ್ಯಾನೊನಿಕಲ್ ವಿಶ್ಲೇಷಣೆಯನ್ನು ನಾನು ಒಮ್ಮೆ ಬೇಕೆಂದೇ ಕೆಣಕಿ ನೋಡಿದೆ. ಎಂಟು ಕಾಲಮ್, ಹನ್ನೆರಡು ಸಾಲು. ಎಲ್ಲದರಲ್ಲೂ ಯಾದೃಚ್ಛಿಕ ಸಂಖ್ಯೆಗಳು. ಮನಸ್ಸಿಗೆ ಬಂದಂತೆ ನಾಲ್ಕು ನಾಲ್ಕು ಸಾಲುಗಳಿಗೆ ಮೂರು ‘ಪ್ರಭೇದ’ಗಳ ಹೆಸರು. ತೆರೆಯ ಮೇಲೆ ಮೂರು ಗುಂಪುಗಳು ಒಂದನ್ನೊಂದು ಮುಟ್ಟದೆ ಅಚ್ಚುಕಟ್ಟಾಗಿ ಬೇರೆಬೇರೆ ಮೂಲೆಗಳಲ್ಲಿ ಕೂತವು. ಅಳತೆಗಳ ಸಂಖ್ಯೆ ನಮೂನೆಗಳ ಸಂಖ್ಯೆಯ ಹತ್ತಿರಕ್ಕೆ ಬಂದಾಗ ಹೀಗಾಗುವುದು ಗಣಿತದ ಸಹಜ ಗುಣ, ತಂತ್ರಾಂಶದ ದೋಷವಲ್ಲ. ಇದನ್ನು ಪತ್ತೆ ಹಚ್ಚುವ ಸಾಧನವೂ ಅದೇ ಪುಟದಲ್ಲಿದೆ. ಒಂದೊಂದು ನಮೂನೆಯನ್ನು ಹೊರಗಿಟ್ಟು ಅದು ಯಾವ ಗುಂಪಿಗೆ ಸೇರುತ್ತದೆ ಎಂದು ಕೇಳುವ ಜಾಕ್‌ನೈಫ್ ಆಯ್ಕೆಯನ್ನು ಒತ್ತಿದೆ. ಆವರೆಗೆ ನೂರಕ್ಕೆ ನೂರರ ಹತ್ತಿರವಿದ್ದ ಸರಿಯುತ್ತರಗಳ ಪ್ರಮಾಣ ಕುರುಡು ಊಹೆಯ ಮಟ್ಟಕ್ಕೆ ಕುಸಿಯಿತು. ಆ ಆಯ್ಕೆಯನ್ನು ಬಳಕೆದಾರರೇ ಒತ್ತಬೇಕಾಗಿ ಬಂದಿರುವುದು ನನ್ನ ಅಸಮಾಧಾನ. ಸಣ್ಣ ಮಾದರಿಗಳಲ್ಲಿ ಅದೇ ಮೊದಲು ಕಾಣುವಂತಿದ್ದರೆ ಚೆನ್ನಾಗಿರುತ್ತಿತ್ತು.

ಪಳೆಯುಳಿಕೆ ಎಂದ ಮೇಲೆ ಮುರುಕು ಇದ್ದೇ ಇರುತ್ತದೆ, ಆದ್ದರಿಂದ ಕೋಷ್ಟಕದಲ್ಲಿ ಖಾಲಿ ಮನೆಗಳೂ ಇರುತ್ತವೆ. ಪಾಸ್ಟ್‌ನಲ್ಲಿ ಸಿಗದ ಅಳತೆಯ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಬರೆಯಬೇಕು. ಮೊದಮೊದಲು ದವಡೆಗಳ ಒಂದು ಕೋಷ್ಟಕವನ್ನು ಬೇರೆ ಹಾಳೆಯಿಂದ ಅಂಟಿಸುವಾಗ ಅಲ್ಲಿದ್ದ ಸೊನ್ನೆಗಳನ್ನು ನಾನು ಹಾಗೆಯೇ ಬಿಟ್ಟಿದ್ದೆ. ಮುರಿದುಹೋದ ದವಡೆಯೊಂದು ಸೊನ್ನೆ ಮಿಲಿಮೀಟರ್ ಎತ್ತರದ ಪ್ರಾಣಿಯಾಗಿ ಚಿತ್ರದ ಅಂಚಿನಲ್ಲಿ ಒಂಟಿಯಾಗಿ ನಿಂತಿತ್ತು. ಅದು ಹೊಸ ಪ್ರಭೇದವಲ್ಲವೆಂದು ತಿಳಿಯಲು ನನಗೆ ಅರ್ಧ ಗಂಟೆ ಹಿಡಿಯಿತು. ಪ್ರಧಾನ ಘಟಕಗಳ ವಿಶ್ಲೇಷಣೆಯಲ್ಲಿ ಖಾಲಿ ಮನೆಗಳನ್ನು ಸರಾಸರಿಯಿಂದ ತುಂಬುವ ಆಯ್ಕೆಯೂ, ಉಳಿದ ಅಳತೆಗಳ ನಂಟನ್ನು ನೋಡಿ ಹಂತಹಂತವಾಗಿ ಅಂದಾಜು ಮಾಡಿ ತುಂಬುವ ಆಯ್ಕೆಯೂ ಇವೆ. ಎರಡನೆಯದೇ ವಾಸಿ. ಸರಾಸರಿಯಿಂದ ತುಂಬಿದರೆ ಮುರುಕು ನಮೂನೆಗಳೆಲ್ಲ ಚಿತ್ರದ ನಡುವಿಗೆ ಸರಿದು, ಗುಂಪುಗಳ ನಡುವಿನ ಕೊಂಡಿಗಳಂತೆ ಕಾಣತೊಡಗುತ್ತವೆ. ಆದರೂ ಅರ್ಧಕ್ಕರ್ಧ ಪ್ರಶ್ನಾರ್ಥಕ ಚಿಹ್ನೆಗಳಿರುವ ಸಾಲನ್ನು ಕೈಬಿಡುವುದೇ ಲೇಸು.

ಯಾವ ತಂತ್ರಾಂಶವೂ ಕೇಳದ ಒಂದು ಪ್ರಶ್ನೆಯನ್ನು ಪಾಸ್ಟ್ ಕೂಡ ಕೇಳುವುದಿಲ್ಲ: ಪ್ರತಿಯೊಂದು ಸಾಲೂ ಒಬ್ಬೊಬ್ಬ ವ್ಯಕ್ತಿಯೇ? ದಕ್ಷಿಣ ಆಫ್ರಿಕಾದ ರೈಸಿಂಗ್ ಸ್ಟಾರ್ ಗುಹೆಯ ಹೋಮೊ ನಲೇಡಿ ಎಂಬ ಪ್ರಭೇದದ ಬಗ್ಗೆ 2015ರಲ್ಲಿ ಪ್ರಕಟವಾದ ವರದಿಯಲ್ಲಿ 1,500ಕ್ಕೂ ಹೆಚ್ಚು ತುಣುಕುಗಳ ಉಲ್ಲೇಖವಿದೆ. ಅವು ಕನಿಷ್ಠ 15 ವ್ಯಕ್ತಿಗಳವು. ಮಿದುಳಿನ ಗಾತ್ರಕ್ಕೆ ಬಂದರೆ ಆ ವರದಿಯಲ್ಲಿದ್ದದ್ದು ಎರಡೇ ಅಂದಾಜು, 560 ಮತ್ತು 465. ಎಡ ಮತ್ತು ಬಲ ದವಡೆಹಲ್ಲುಗಳನ್ನು ಎರಡು ಸಾಲುಗಳಾಗಿ ಬರೆದರೆ ತಂತ್ರಾಂಶ ಇಬ್ಬರನ್ನು ಎಣಿಸುತ್ತದೆ, ವಿಶ್ವಾಸದ ವ್ಯಾಪ್ತಿಯನ್ನು ಅಷ್ಟಕ್ಕೆ ತಕ್ಕಂತೆ ಕಿರಿದು ಮಾಡುತ್ತದೆ. ಇದು ಹೊಸಬರು ಮಾತ್ರ ಎದುರಿಸುವ ತೊಡಕಲ್ಲ. ಹಳೆಯ ಹೋಮಿನಿನ್ ಪ್ರಭೇದವಾದ ಆಸ್ಟ್ರಲೋಪಿಥೆಕಸ್ ಅಫಾರೆನ್ಸಿಸ್‌ನಲ್ಲಿ ಗಂಡು-ಹೆಣ್ಣುಗಳ ದೇಹಗಾತ್ರದ ಅಂತರ ಎಷ್ಟಿತ್ತು ಎಂಬ ಚರ್ಚೆಯನ್ನೇ ನೋಡಬಹುದು. ಲೂಸಿ ಎಂದು ಹೆಸರಾದ ಅದರ ಅಸ್ಥಿಪಂಜರವನ್ನು ಅಳತೆಗೋಲಾಗಿಟ್ಟು, ಇಥಿಯೋಪಿಯಾದ ಹದಾರ್‌ನ 333ನೆಯ ನೆಲೆಯಲ್ಲಿ ಸಿಕ್ಕ ಬಿಡಿ ಎಲುಬುಗಳನ್ನು ಅದಕ್ಕೆ ಹೋಲಿಸಿ, ಆ ಅಂತರ ಇಂದಿನ ಮನುಷ್ಯರಷ್ಟೇ ಇತ್ತು ಎಂದು 2003ರಲ್ಲಿ ಒಂದು ಗುಂಪು ವಾದಿಸಿತು. ಆ ಬಿಡಿ ಎಲುಬುಗಳಲ್ಲಿ ಹಲವು ಒಬ್ಬನೇ ವ್ಯಕ್ತಿಯವಾಗಿರಬಹುದು, ಹಾಗಿದ್ದರೆ ಮಾದರಿ ಕಂಡಷ್ಟು ದೊಡ್ಡದಲ್ಲ ಎಂಬುದು ಎದುರು ಬಂದ ಆಕ್ಷೇಪಗಳಲ್ಲಿ ಮುಖ್ಯವಾದುದು. ದ್ಮನಿಸಿಯಲ್ಲೂ ಮೂರನೆಯ ಬುರುಡೆ ಇನ್ನೂ ಬೆಳೆಯುತ್ತಿದ್ದ ಹರೆಯದವರದು, ನಾಲ್ಕನೆಯದು ಒಂದನ್ನುಳಿದು ಹಲ್ಲುಗಳೆಲ್ಲ ಉದುರಿದ ಮುದಿವಯಸ್ಸಿನವರದು. 601 ಮತ್ತು 641 ಎಂದು ಕಾಲಮಿನಲ್ಲಿ ಬರೆದಾಗ ಇದಾವುದೂ ಕಾಣುವುದಿಲ್ಲ. ಪಕ್ಕದಲ್ಲಿ ಇನ್ನೊಂದು ಕಾಲಮ್ ಮಾಡಿ ವಯಸ್ಸು, ಪದರ, ಅಳೆದವರ ಹೆಸರುಗಳನ್ನು ಬರೆದಿಟ್ಟುಕೊಳ್ಳುವ ಸೌಕರ್ಯ ಪಾಸ್ಟ್‌ನಲ್ಲಿದೆ. ಅದನ್ನು ಮೊದಲ ದಿನದಿಂದಲೇ ರೂಢಿಸಿಕೊಳ್ಳಬೇಕು.

ಮೆನುವಿನ ತಂತ್ರಾಂಶಗಳಿಗೆಲ್ಲ ಇರುವ ಕೊರತೆ ಇದಕ್ಕೂ ಇದೆ. ಯಾವ ಚೌಕ ಒತ್ತಿದ್ದೆ, ಯಾವುದನ್ನು ಬಿಟ್ಟಿದ್ದೆ ಎಂಬುದು ಆರು ತಿಂಗಳ ನಂತರ ನೆನಪಿರುವುದಿಲ್ಲ. ಸಣ್ಣ ಮಾದರಿಯಲ್ಲಿ ಪ್ರತಿ ಆಯ್ಕೆಯೂ ಫಲಿತಾಂಶವನ್ನು ಅಲುಗಿಸುವುದರಿಂದ, ಹತ್ತು ಪರೀಕ್ಷೆ ಒತ್ತಿ ಹನ್ನೊಂದನೆಯದು 0.04 ಕೊಟ್ಟಾಗ ಅದೊಂದನ್ನೇ ಇಟ್ಟುಕೊಳ್ಳುವ ಪ್ರಲೋಭನೆಯೂ ಕ್ಲಿಕ್ ಸುಲಭವಾದಷ್ಟೂ ಬೆಳೆಯುತ್ತದೆ. ಒತ್ತಿದ್ದೆಲ್ಲವನ್ನೂ, ಹಿಡಿಸದ ಉತ್ತರಗಳ ಸಮೇತ, ಬರೆದಿಡಲು ನಾನು ಪಕ್ಕದಲ್ಲೊಂದು ನೋಟುಪುಸ್ತಕ ಇಟ್ಟುಕೊಂಡಿದ್ದೇನೆ. ಪ್ರಕಟಣೆಗೆ ಕಳಿಸುವ ಅಂತಿಮ ಲೆಕ್ಕವನ್ನು ಮಾತ್ರ ‘ಆರ್’ನಲ್ಲಿ ಮತ್ತೆ ಬರೆದು ಎರಡರ ಉತ್ತರವೂ ತಾಳೆಯಾಗುತ್ತದೆಯೇ ಎಂದು ನೋಡುತ್ತೇನೆ. ಇದುವರೆಗೆ ತಾಳೆಯಾಗದೆ ಹೋದ ಸಂದರ್ಭಗಳಲ್ಲಿ ತಪ್ಪು ಪ್ರತಿಸಲವೂ ನನ್ನ ಕೋಷ್ಟಕದ್ದೇ ಆಗಿತ್ತು.

ಪಳೆಯುಳಿಕೆಗಳ ಅಳತೆಗಳನ್ನು ಮೊದಲ ಸಲ ಕೈಗೆತ್ತಿಕೊಳ್ಳುವ ವಿದ್ಯಾರ್ಥಿಗಳಿಗೂ, ಪ್ರಬಂಧವೊಂದರ ಕೋಷ್ಟಕವನ್ನು ನಂಬುವ ಮೊದಲು ತಾವೇ ಒಮ್ಮೆ ಲೆಕ್ಕ ಹಾಕಿ ನೋಡಬೇಕೆನ್ನುವ ಓದುಗರಿಗೂ ಪಾಸ್ಟನ್ನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ. ಐದು ಅಂಕಗಳಿಗೆ ನಾಲ್ಕು ಕೊಡಬಹುದು. ‘ಸಿಂಗಲ್ ಕೇಸ್’ ಪರೀಕ್ಷೆ ಮತ್ತು ನಿಖರ ಪರ್ಮ್ಯುಟೇಶನ್‌ಗಳಿಂದ ಆರಂಭಿಸಿ. ದೀರ್ಘವೃತ್ತಗಳನ್ನೂ ಬೂಟ್‌ಸ್ಟ್ರಾಪನ್ನೂ ನಿಮ್ಮ ಮಾದರಿ ಎರಡಂಕಿಗೆ ಬರುವವರೆಗೆ ಮುಂದೂಡಿ. ಎರಡೇ ಬುರುಡೆಗಳನ್ನು ಇಟ್ಟುಕೊಂಡು ಪ್ರಭೇದಗಳನ್ನು ಎಣಿಸಬೇಕೆಂದಿರುವವರು ಇದನ್ನು ಇಳಿಸಿಕೊಳ್ಳುವ ಮೊದಲು ‘ಆರ್’ ಕಲಿತುಕೊಂಡು, ಇಂದಿನ ವಾನರಗಳ ಅಳತೆಗಳ ದೊಡ್ಡ ಕೋಷ್ಟಕವೊಂದನ್ನು ಹುಡುಕಿಕೊಳ್ಳುವುದು ಒಳ್ಳೆಯದು.